ಹದ್ದು ಮೀರಿದ ಹೊಟ್ಟೆ

ಎಲ್ಲರ ಹೊಟ್ಟೆಯೂ ಅದು ಇರಬೇಕಾದ ಜಾಗದಲ್ಲಿರುತ್ತದೆ. ನಮ್ಮ ಭಾವನವರದು ಮಾತ್ರ ಎದೆಯಲ್ಲಿತ್ತು! ನಂಬುವುದಿಲ್ಲವೇ? ನಾನೂ ನಂಬಿರಲಿಲ್ಲ. ಮದುವೆಯಾಗಿ ಕುಷ್ಟಗಿಯ ಆ ಮನೆಗೆ ಬಂದ ಹೊಸದರಲ್ಲಿ, ನನ್ನ ಗಂಡನ ಅಣ್ಣನಾದ ಈ ಮಹಾನುಭಾವರು ನಾಲ್ಕು ತುತ್ತು ಉಂಡು ಎದೆ ಸವರಿಕೊಳ್ಳುವುದನ್ನು ನೋಡಿ, ಪಾಪ, ಏನೋ ದೊಡ್ಡ ಕೊರಗು ಇರಬೇಕು ಎಂದುಕೊಂಡಿದ್ದೆ. ಕೊರಗೂ ಇಲ್ಲ ಏನೂ ಇಲ್ಲ, ಹುಳಿ ತೇಗು!

ಆಗ ನಿಜಾಮನ ಆಳ್ವಿಕೆ. ಭಾವನವರು ತಹಶೀಲ ಕಚೇರಿಯಲ್ಲಿ ಜಮೀನಿನ ಕಾಗದಪತ್ರ ಬರೆಯುವ ಕಾರಕೂನರು. ಹಿಂದೆ ಊಟದಲ್ಲಿ ಅವರನ್ನು ಮೀರಿಸುವವರಿರಲಿಲ್ಲವಂತೆ. ಒಂದು ಬುಟ್ಟಿ ಮೆಣಸಿನಕಾಯಿ ಭಜಿ ಬರೀ ಪೀಠಿಕೆ, ಊಟ ಆಮೇಲೆ! ಉಂಡು ಕೈತೊಳೆದ ಕೂಡಲೇ ಅಡ್ಡಾಗುವುದು ಬೇರೆ. ನಲವತ್ತು ದಾಟುತ್ತಲೇ ಎದೆ ಉರಿಯತೊಡಗಿತು. ಬಗ್ಗಿದರೆ ಸಾಕು, ಹುಳಿನೀರು ಗಂಟಲಿಗೆ ಬರುತ್ತಿತ್ತು. ಊರಿನ ಕಷಾಯಗಳನ್ನೆಲ್ಲ ಕುಡಿದು ಮುಗಿಸಿ, ಕೊಪ್ಪಳದಲ್ಲಿ ರೈಲು ಹತ್ತಿ ಹೈದರಾಬಾದಿಗೆ ಹೋದರು. ಅಲ್ಲೊಬ್ಬ ಡಾಕ್ಟರರು ಸುಣ್ಣದ ನೀರಿನಂಥದ್ದೇನನ್ನೋ ಕುಡಿಸಿ ಒಳಗಿನ ಫೋಟೋ ತೆಗೆದರಂತೆ. ಎದೆಗೂ ಹೊಟ್ಟೆಗೂ ನಡುವೆ ಒಂದು ಪರದೆ ಇರುತ್ತದೆ, ಅದರ ಕಿಂಡಿ ಸಡಿಲಾಗಿ ಜಠರದ ಮೇಲಿನ ತುದಿ ಎದೆಯೊಳಕ್ಕೆ ಸರಿದಿದೆ ಎಂದು ತಿಳಿಸಿ ಹೇಳಿದರಂತೆ. ಭಾವನವರು ಊರಿಗೆ ಬಂದು ಕಟ್ಟೆಯ ಮೇಲೆ ಕುಳಿತು ಅದನ್ನೇ ತಮ್ಮ ಕಚೇರಿಯ ಭಾಷೆಯಲ್ಲಿ ಹೇಳಿದರು.

"ಏನಿಲ್ರೋ, ನನ್ನ ಹೊಟ್ಟಿ ಹದ್ದು ಮೀರೈತಿ. ಬಾಂದಗಲ್ಲು ದಾಟಿ ಎದಿ ಹೊಲದಾಗ ನಾಕು ಗುಂಟೆ ಒತ್ತುವರಿ ಮಾಡೈತಿ!"

"ಮತ್ತ ದಾವಾ ಹೂಡ್ರಿ," ಎಂದರು ನಮ್ಮವರು.

"ಯಾರ ಮ್ಯಾಲ ಹೂಡ್ಲೋ? ವಾದಿನೂ ನಾನ, ಪ್ರತಿವಾದಿನೂ ನಾನ!"

ಡಾಕ್ಟರರು ಉರ್ದುವಿನಲ್ಲಿ ಬರೆದುಕೊಟ್ಟ ಒಂದು ಕಾಗದ ಭಾವನವರಿಗೆ ಸರಕಾರದ ಹುಕುಮಿಗಿಂತ ದೊಡ್ಡದಾಯಿತು. ಹೊಟ್ಟೆ ಬಿರಿಯ ಉಣ್ಣಬಾರದು, ಒಂದು ಊಟವನ್ನು ಆರು ಪಾಲು ಮಾಡಿ ಉಣ್ಣಬೇಕು. ಖಾರ, ಹುಳಿ, ಕರಿದದ್ದು, ಚಹಾ ಬಂದ್. ಸಂಜೆ ಬೇಗ ಮುಗಿಸಬೇಕು, ಉಂಡು ಮೂರು ತಾಸು ಮಲಗಬಾರದು. ಒಂದೊಂದು ತುತ್ತನ್ನೂ ಮೂವತ್ತೆರಡು ಸಲ ಅಗಿಯಬೇಕೆಂಬುದು ಮಾತ್ರ ಇವರೇ ಸೇರಿಸಿಕೊಂಡ ಕಾನೂನು. ನಡುವೆ ಯಾರಾದರೂ ಮಾತನಾಡಿಸಿದರೆ ಲೆಕ್ಕ ತಪ್ಪಿ ಮತ್ತೆ ಒಂದರಿಂದ ಶುರು! ಸೊಂಟ ಬಿಗಿಯಬಾರದೆಂದು ಧೋತರವನ್ನು ಎಷ್ಟು ಸಡಿಲ ಉಡುತ್ತಿದ್ದರೆಂದರೆ, ಒಂದು ಕೈ ಅದರ ಕಾವಲಿಗೇ ಮೀಸಲು. ತಲೆ ಎತ್ತರದಲ್ಲಿರಬೇಕೆಂದು ಹೊರಸಿನ ತಲೆದೆಸೆಗೆ ಇಟ್ಟಿಗೆ ಏರಿಸಿದರು. ಎರಡಕ್ಕೆ ಉರಿ ನಿಲ್ಲಲಿಲ್ಲ, ನಾಲ್ಕು ಏರಿಸಿದರು. ಬೆಳಗ್ಗೆ ಎದ್ದು ನೋಡಿದರೆ ದಿಂಬು ಮೇಲೆ, ಭಾವನವರು ಕಾಲದೆಸೆಯಲ್ಲಿ ಮುದ್ದೆಯಾಗಿ ಬಿದ್ದಿದ್ದರು.

ಕಚೇರಿಗೆ ಹೊಸ ತಹಶೀಲ್ದಾರ ಸಾಹೇಬರು ಬಂದ ದಿನದ ಕಥೆ ಊರಿಗೆಲ್ಲ ಗೊತ್ತು. ಸಿಬ್ಬಂದಿಯೆಲ್ಲ ನೆಲ ಮುಟ್ಟುವಂತೆ ಬಗ್ಗಿ ಸಲಾಂ ಮಾಡಿತು. ಭಾವನವರು ಮಾತ್ರ ನೆಟ್ಟಗೆ ನಿಂತೇ ಹಣೆಗೆ ಕೈ ಮುಟ್ಟಿಸಿದರು.

"ಕ್ಯೂಂ, ನಿಂದು ಬೆನ್ನು ಬಗ್ಗಂಗಿಲ್ಲೇನು?" ಎಂದು ಸಾಹೇಬರು ಹುಬ್ಬೇರಿಸಿದರು.

"ಬಗ್ಗತೈತ್ರಿ ಹುಜೂರ್. ಆದ್ರ ಬಗ್ಗಿದ್ರ ಮುಂಜಾನಿ ಉಂಡಿದ್ದು ತಮ್ಮ ಪಾದಕ್ಕ ಬರತೈತಿ!"

ಸಾಹೇಬರು ಮೊದಲು ಕುರ್ಚಿಯನ್ನು ಹಿಂದಕ್ಕೆ ಸರಿಸಿಕೊಂಡರು. ಆಮೇಲೆ ಎಲ್ಲರನ್ನೂ ಹೊರಗೆ ಕಳಿಸಿ, ಮೆಲ್ಲಗೆ, "ಉಂಡ ಮ್ಯಾಲ ಎದಿ ಉರೀತದೇನು? ನನಗೂ ಉರೀತದ" ಎಂದರಂತೆ! ಅಂದಿನಿಂದ ಭಾವನವರಿಗೆ ನಿಂತ ಸಲಾಮಿನ ಪರವಾನಗಿ ಸಿಕ್ಕಿತು. ಊರಿನ ಜನ ಏನು ತಿಳಿದರು ಗೊತ್ತೇ? ಈ ಕಾರಕೂನ ನಿಜಾಮನಿಗೂ ತಲೆಬಾಗದ ದೊಡ್ಡ ದೇಶಭಕ್ತ ಎಂದು! ಭಾವನವರು ಅದನ್ನು ಅಲ್ಲಗಳೆಯುವ ಗೋಜಿಗೇ ಹೋಗಲಿಲ್ಲ.

ಇನ್ನೊಮ್ಮೆ ತಳಕಲ್ಲಿನ ಬೀಗರ ಮನೆಯಲ್ಲಿ ಮದುವೆ. ನಮ್ಮ ಕಡೆ ಬೀಗರಿಗೆ ಬಡಿಸುವ ಕ್ರಮ ನಿಮಗೆ ಗೊತ್ತೇ ಇದೆ. ಬೇಡವೆಂದವನ ಕೈಯನ್ನು ಒಬ್ಬ ಹಿಡಿಯಬೇಕು, ಇನ್ನೊಬ್ಬ ಹೋಳಿಗೆ ಹಾಕಬೇಕು. ಭಾವನವರು ಪಂಗತಿಯಲ್ಲಿ ಕುಳಿತವರೇ ಚೀಲದಿಂದ ಹಿತ್ತಾಳೆ ಡಬ್ಬಿ ತೆಗೆದು, ಮನೆಯಿಂದ ತಂದಿದ್ದ ಮೆತ್ತನೆಯ ಅನ್ನ, ಹೆಸರುಬೇಳೆಯನ್ನು ಎಲೆಗೆ ಸುರುವಿಕೊಂಡರು. ಬೀಗರ ಮುಖ ಕಪ್ಪಿಟ್ಟಿತು.

"ನಮ್ಮನಿ ಊಟ ನಿಮಗ ಸೇರಂಗಿಲ್ಲೇನ್ರಿ?"

"ತಪ್ಪು ತಿಳೀಬ್ಯಾಡ್ರಿ ಬೀಗರ. ನನ್ನ ಊಟ ಮುಂಜಾನೆ ಶುರುವಾಗೈತಿ, ಇನ್ನೂ ನಡದೈತಿ. ಸಂಜಿಕ ಮುಗೀತೈತಿ. ಆರು ಪಾಲಿಂದು ಒಂದ ಊಟ! ನಡಬರಕ ನಿಮ್ಮ ಊಟ ಹೆಂಗ ಉಣ್ಣಲಿ?"

ಪಂಗತಿಯೆಲ್ಲ ಬಿದ್ದು ಬಿದ್ದು ನಕ್ಕಿತು. ನಾನೂ ನಕ್ಕೆ. ಆ ಮಾತನ್ನು ಅಕ್ಷರಶಃ ನಿಜವೆಂದು ನಡೆದುಕೊಂಡವಳು ಒಬ್ಬಳೇ, ಭಾವನವರ ಹೆಂಡತಿ. ನಾನು ಅವಳನ್ನು ಅಕ್ಕ ಎನ್ನುತ್ತಿದ್ದೆ.

ಗಂಡನ ಊಟ ಮುಗಿಯುವ ತನಕ ಹೆಂಡತಿ ಬಾಯಿಗೆ ತುತ್ತಿಡಬಾರದು ಎಂಬುದು ನಮ್ಮ ಮನೆಯ ಕಟ್ಟು. ನನಗೇನೂ ತೊಂದರೆಯಿರಲಿಲ್ಲ, ನಮ್ಮವರು ಗಬಗಬ ಉಂಡು ಎದ್ದುಬಿಡುತ್ತಿದ್ದರು. ಅಕ್ಕನ ಗಂಡನ ಊಟ ಮುಗಿಯುತ್ತಿದ್ದುದು ಹೊತ್ತು ಮುಳುಗುವಾಗ. ದಿನಕ್ಕೆ ಆರು ಸಲ ಒಲೆ ಹೊತ್ತಿಸಿ, ಆರು ಸಲ ಬಡಿಸಿ, ಆರು ಸಲ ಗಂಗಾಳ ತೊಳೆದು, ಅಷ್ಟು ಹೊತ್ತೂ ಅವಳು ಬರೀ ನೀರು ಕುಡಿದು ಇರುತ್ತಿದ್ದಳು. ಕೊನೆಗೆ ಕುಳಿತಾಗಲಾದರೂ ಹೊಟ್ಟೆ ತುಂಬ ಉಂಡಳೇ? ಅರ್ಧ ರೊಟ್ಟಿ ಮುರಿದುಕೊಳ್ಳುತ್ತಿದ್ದಳು.

"ಅವರು ನಾಕು ತುತ್ತಿಗೆ ಏಳತಾರ. ನಾ ಗಂಗಾಳ ತುಂಬ ಬಡಿಸ್ಕೊಂಡು ಕುಂದ್ರಲೇನು? ನಾಚಿಕಿ ಬರತೈತಿ ತಂಗಿ."

"ಮಧ್ಯಾಹ್ನ ಒಂದಿಷ್ಟು ಮಂಡಕ್ಕಿನಾದ್ರೂ ತಿನ್ನಕ್ಕ. ನಾ ಯಾರಿಗೂ ಹೇಳಂಗಿಲ್ಲ."

"ನೀ ಬಾಯಿ ಮುಚ್ಕೊಂಡಿರು. ಅವರಿಗೆ ತಿಳದ್ರ ಇರೋ ನಾಕು ತುತ್ತೂ ಗಂಟಲದಾಗ ಇಳಿಯಂಗಿಲ್ಲ. ನನ್ನಾಣಿ ಐತಿ ನಿನಗ."

ಆಣೆ ಎಂದಳೆಂದು ನಾನು ಬಾಯಿ ಮುಚ್ಚಿಕೊಂಡಿದ್ದೆ. ಮೂರು ವರ್ಷ! ಆಣೆ ದೊಡ್ಡದೋ ಜೀವ ದೊಡ್ಡದೋ ಎಂದು ನನಗೆ ಹೊಳೆಯಲಿಲ್ಲ. ಅವಳ ಬಳೆಗಳು ಮೊಣಕೈವರೆಗೆ ಜಾರುವುದನ್ನು ನೋಡುತ್ತಲೇ ನಾನು ಹೊಟ್ಟೆ ತುಂಬ ಉಣ್ಣುತ್ತಿದ್ದೆ. ಇದನ್ನು ಬರೆಯುವಾಗ ಇವತ್ತಿಗೂ ನನ್ನ ಮೇಲೆ ನನಗೆ ಸಿಟ್ಟು ಬರುತ್ತದೆ.

ಒಂದು ಮುಂಜಾನೆ ಅಕ್ಕ ಬೀಸುವ ಕಲ್ಲಿನ ಮುಂದೆಯೇ ಕುಸಿದಳು. ಮೈ ಕೆಂಡದಂತೆ ಸುಡುತ್ತಿತ್ತು. ಓಣಿಯ ಹಕೀಮ ಸಾಹೇಬರು ಬಂದು ನಾಡಿ ಹಿಡಿದರು, ಕಣ್ಣರೆಪ್ಪೆ ಬಿಡಿಸಿ ನೋಡಿದರು.

"ಈ ಜ್ವರ ನಿನ್ನೀದು. ಮೈಯಾಗಿನ ರಕ್ತ ಒಣಗಿದ್ದು ನಿನ್ನೀದಲ್ಲ. ಇಕಿ ಏನು ತಿಂತಾಳ?"

"ಅಕೀಗೇನು ಧಾಡ್ರಿ, ಹಕೀಂ ಸಾಹೇಬ್ರ?" ಎಂದರು ಭಾವನವರು. "ಖಾರ, ಹುಳಿ, ಕರದದ್ದು, ಏನ ತಿಂದ್ರೂ ಅರಗಸ್ಕೋತಾಳ. ಪುಣ್ಯವಂತಿ!"

ಇನ್ನು ನನ್ನಿಂದ ತಡೆಯಲಾಗಲಿಲ್ಲ. ಅಳುತ್ತ ಎಲ್ಲವನ್ನೂ ಹೇಳಿಬಿಟ್ಟೆ. ಹಕೀಮರು ಹೋದ ಮೇಲೆ ಭಾವನವರು ಹೆಂಡತಿಯ ಹತ್ತಿರ ಕುಳಿತು, "ಹುಚ್ಚಿ, ಒಂದ ಊಟ ಅಂದದ್ದು ಮಂದಿ ನಗಲಿ ಅಂತ ಆಡಿದ ಮಾತು" ಎಂದರು. ನಾನು ಗಂಜಿ ತಂದೆ. ಅಕ್ಕ ತುಟಿ ಬಿಗಿದುಕೊಂಡಳು.

"ನಿಮ್ಮದಿನ್ನೂ ಆಗಿಲ್ಲ."

ಗದರಿದರು, ಬೇಡಿಕೊಂಡರು. ಅವಳು ಮುಖ ಗೋಡೆಗೆ ತಿರುಗಿಸಿದಳು. ಭಾವನವರು ಎದ್ದು ಅಡಿಗೆಮನೆಯ ಬಾಗಿಲಿಗೆ ಬಂದರು.

"ತಂಗಿ, ಎರಡು ರೊಟ್ಟಿ ಹಾಕ್ಕೊಂಡು ಬಾ. ಬದನಿಕಾಯಿ ಪಲ್ಯ, ಕೆಂಪ ಖಾರ, ಮನ್ಯಾಗ ಏನೇನೈತಿ ಎಲ್ಲಾ ತಾ."

"ಭಾವನೋರ, ನಿಮಗ ಆಗಂಗಿಲ್ರಿ..."

"ತಾ ಅಂದ್ರ ತಾ."

ಹೆಂಡತಿಯ ಕಣ್ಣೆದುರಿಗೆ ಕುಳಿತು ಎರಡೂ ರೊಟ್ಟಿ ಉಂಡರು. ಒಂದು ತುತ್ತನ್ನೂ ಎಣಿಸಲಿಲ್ಲ. ನೀರು ಕುಡಿದು, "ಹೊಟ್ಟಿ ತುಂಬೈತಿ ನೋಡು. ಊಟ ಮುಗೀತು. ಇನ್ನ ನೀ ಉಣ್ಣು" ಎಂದರು. ಅಕ್ಕ ಅವರ ಮುಖವನ್ನೇ ನೋಡುತ್ತ, "ಹಿಂಗ ಉಂಡಿದ್ದು ನೋಡಿ ಎಷ್ಟು ವರ್ಸ ಆಗಿತ್ತು!" ಎಂದು ನಕ್ಕು ಬಾಯಿ ತೆರೆದಳು. ಗಂಜಿ ಕುಡಿಸುವ ಕೆಲಸ ನನಗೊಪ್ಪಿಸಿ ಭಾವನವರು ಹಿತ್ತಿಲಿಗೆ ಹೋದರು. ಸ್ವಲ್ಪ ಹೊತ್ತಿನ ಮೇಲೆ ನಾನು ಹೋಗಿ ನೋಡಿದರೆ ಗೋಡೆಗೆ ಹಣೆಯಾನಿಸಿ, ಎದೆ ಒತ್ತಿ ಹಿಡಿದು ನಿಂತಿದ್ದರು. ಕಣ್ಣಿನಲ್ಲಿ ನೀರು ಸುರಿಯುತ್ತಿತ್ತು. ನನ್ನನ್ನು ಕಂಡು, ಒಳಗೆ ಹೋಗು ಎಂದು ಕೈಸನ್ನೆ ಮಾಡಿದರು.

ಹೀಗೆ ಒಂಬತ್ತು ದಿನ, ಹೊತ್ತು ಹೊತ್ತಿಗೆ. ಅವರು ಉಂಡರೆ ಅವಳು ಉಣ್ಣುವಳು. ಅವಳು ನಾಲ್ಕು ಗುಟುಕು ಕುಡಿಯಲೆಂದು ಅವರು ಒಳಗೆಲ್ಲ ಸುಟ್ಟುಕೊಂಡರು. ಹತ್ತನೆಯ ದಿನ ಅವರು ಉಂಡು ಮುಗಿಸಿ ಹೆಂಡತಿಯ ಕಡೆ ತಿರುಗಿದಾಗ, ಗಂಜಿ ಅವಳ ಬಾಯಿಂದ ಹೊರಗೇ ಹರಿದು ಬಂತು. ಆ ಮಧ್ಯಾಹ್ನವೇ ಅಕ್ಕ ತೀರಿಕೊಂಡಳು.

ಆಮೇಲೆ ಭಾವನವರು ಮತ್ತೆ ಮೆತ್ತನೆಯ ಅನ್ನಕ್ಕೆ ಮರಳಿದರು. ಆದರೆ ಮನೆಯ ಕಟ್ಟನ್ನು ಮುರಿದರು. ನಾನು ಉಂಡು ಏಳುವ ತನಕ ಅವರು ಗಂಗಾಳಕ್ಕೆ ಕೈ ಹಾಕುತ್ತಿರಲಿಲ್ಲ. ಓಣಿಯ ಹಿರಿಯರು ಆಡಿಕೊಂಡರು, ಕಾರಕೂನನಿಗೆ ತಲೆ ಕೆಟ್ಟಿದೆ ಎಂದರು. ಮೊದಮೊದಲು ನನಗೂ ನಾಚಿಕೆಯಾಗುತ್ತಿತ್ತು. ಭಾವನವರು ಅಡಿಗೆಮನೆಯ ಹೊಸ್ತಿಲ ಆಚೆ, ನನಗೆ ಬೆನ್ನು ಮಾಡಿ ಕುಳಿತು ಕಾಯುತ್ತಿದ್ದರು. ನಾನು ಕೈತೊಳೆದ ಸದ್ದು ಕೇಳಿದ ಮೇಲೆ ಒಂದೇ ಮಾತು ಕೇಳುತ್ತಿದ್ದರು.

"ಹೊಟ್ಟಿ ತುಂಬಿತೇನವಾ?"

"ತುಂಬಿತ್ರಿ, ಭಾವನೋರ."

ಒಂದು ದಿನ ಹೀಗೆ ಕೇಳಿದವರು, ಉತ್ತರ ಬಂದ ಮೇಲೂ ಏಳಲಿಲ್ಲ.

"ಇಪ್ಪತ್ತೆರಡು ವರ್ಸ ಬಾಳೇವು ಮಾಡಿದ್ವಿ ತಂಗಿ," ಎಂದರು. "ಅಕೀಗ ಈ ಮಾತು ಒಂದ ದಿನಾ ಕೇಳಲಿಲ್ಲ ನೋಡು."