ತಾತನ ಮೇಲೆ ಒಂದು ಕಣ್ಣು

ನಾನು ಎಲ್ಲಿ ಹೋದರೂ ಅನುಮಾನದ ಕೇಸುಗಳೇ ಬಂದು ತಗಲಿಹಾಕಿಕೊಳ್ಳುತ್ತವೆ. ತಪ್ಪು ನನ್ನದಲ್ಲ, ನನ್ನ ಕಣ್ಣಿನದು. ನಾಗಮಂಗಲದ ಕಡೆ ಹಳ್ಳಿಯಲ್ಲಿ ಬೆಳೆದವನು ನಾನು. ಸಂತೆಯಲ್ಲಿ ಎತ್ತಿನ ಬಾಯಿ ಬಿಡಿಸದೆ, ದೂರದಿಂದಲೇ ವಯಸ್ಸು ಹೇಳುತ್ತಿದ್ದೆ. ಇಂಥವನನ್ನು ಏಮಾರಿಸುವವರು ಸಿಡ್ನಿಯಲ್ಲೂ ಹುಟ್ಟಿಲ್ಲ, ಮೆಲ್ಬೋರ್ನ್‌ನಲ್ಲೂ ಹುಟ್ಟಿಲ್ಲ ಅಂತ ಎದೆ ತಟ್ಟಿ ಹೇಳಿಕೊಂಡು ತಿರುಗುತ್ತಿದ್ದೆ. ಆದರೆ ನಮ್ಮ ತಾತ ಹುಟ್ಟಿದ್ದು ಇಂಗ್ಲೆಂಡಿನಲ್ಲಿ.

ತಾತ ಅಂದರೆ ನನ್ನ ಸ್ವಂತ ತಾತ ಅಲ್ಲ. ಒಬ್ಬ ನಟ. ನಾನು ಕಾರು ಓಡಿಸುತ್ತಿದ್ದ ನಾಟಕ ಕಂಪನಿಯಲ್ಲಿ ದೊಡ್ಡ ಪಾತ್ರ ಮಾಡುತ್ತಿದ್ದರು. ಜೀವಮಾನವೆಲ್ಲ ಸ್ಟೇಜು, ಸಿನಿಮಾ, ಟೀವಿ ಅಂತ ದುಡಿದವರು, ಹೀರೋ ಮಾತ್ರ ಆಗಲೇ ಇಲ್ಲ. ಲಂಚ ತಿನ್ನುವ ಜಡ್ಜು, ವಿಷ ಹಾಕುವ ಡಾಕ್ಟರು, ಬಾಗಿಲ ಸಂದಿಯಲ್ಲಿ ಕದ್ದು ಕೇಳುವ ಅಡುಗೆಯವನು, ಹೀಗೆ. ಮುಖ ಎಲ್ಲರಿಗೂ ಗೊತ್ತು, ಹೆಸರು ಯಾರಿಗೂ ಗೊತ್ತಿಲ್ಲ. ಸಿಡ್ನಿಯಲ್ಲಿ ತಾಲೀಮು, ಮೆಲ್ಬೋರ್ನ್‌ನಲ್ಲಿ ಶೋ. ಎರಡೂ ಕಡೆ ಅವರನ್ನು ಕರೆತರುವುದು ನನ್ನ ಕೆಲಸ.

ಮೊದಲ ದಿನವೇ ಕಂಪನಿಯ ಮ್ಯಾನೇಜರ್ ಮೇಡಂ ನನ್ನನ್ನು ಪಕ್ಕಕ್ಕೆ ಕರೆದರು. "ಇವರಿಗೆ ಮರೆವು ಶುರುವಾಗಿದೆ ಅಂತ ಡೌಟು. ಖಾತ್ರಿಯಾದರೆ ಈ ಪಾತ್ರಕ್ಕೆ ಬೇರೆಯವರನ್ನ ಹಾಕ್ತೀವಿ. ನೀನು ಸ್ವಲ್ಪ ನೋಡಿ ಹೇಳು" ಅಂದರು. ಆಳು ನೋಡಿ ಕೆಲಸ ಕೊಡುವುದು ಅಂದರೆ ಇದು ಅಂದುಕೊಂಡೆ.

೧. ಯಾವ ಕಾಲು

ಸಿಡ್ನಿಯ ಎಪ್ಪಿಂಗ್‌ನ ಅಪಾರ್ಟ್‌ಮೆಂಟಿನಿಂದ ತಾತ ಬಲಗಾಲು ಎಳೆದುಕೊಂಡು ಬಂದರು. ಪಾಪ ಅಂತ ಬ್ಯಾಗು ಹಿಡಿದುಕೊಂಡೆ. ಮಾರನೇ ದಿನ ನೋಡಿದರೆ ಎಡಗಾಲು ಎಳೆಯುತ್ತಿದ್ದಾರೆ. ಸಿಕ್ಕಿತಲ್ಲ ಸುಳಿವು ಅಂದುಕೊಂಡೆ. ನೋವು ಯಾವ ಕಾಲಿನದು ಅನ್ನುವುದೇ ಮರೆತವರು ನಾಟಕದ ಮಾತು ನೆನಪಿಟ್ಟುಕೊಳ್ಳುತ್ತಾರಾ?

ಮೂರನೇ ದಿನ ನೆಟ್ಟಗೆ ನಡೆದು ಬಂದರು. ತಡೆಯಲಾಗಲಿಲ್ಲ, ಕೇಳಿಯೇ ಬಿಟ್ಟೆ: "ಸರ್, ನಿಮಗೆ ನೋವಿರೋದು ಯಾವ ಕಾಲಲ್ಲಿ?"

"ಯಾವುದರಲ್ಲೂ ಇಲ್ಲ ಮರಿ. ನಾಟಕದಲ್ಲಿ ಕುಂಟಬೇಕು. ಯಾವ ಕಾಲು ಅಂತ ನಿನ್ನ ಮೇಲೆ ನೋಡ್ತಿದ್ದೆ. ಬಲಗಾಲಿಗೆ ನೀನು ಬ್ಯಾಗು ಒಂದೇ ಹಿಡ್ಕೊಂಡೆ. ಎಡಗಾಲಿಗೆ ಬ್ಯಾಗು, ಕೊಡೆ, ಕೋಟು ಎಲ್ಲ ಹಿಡ್ಕೊಂಡೆ. ನಾಟಕಕ್ಕೆ ಎಡಗಾಲೇ ಗಟ್ಟಿ."

೨. ಒಗ್ಗರಣೆ ಜಿಡ್ಡು

ತಾಲೀಮು ಮುಗಿಸಿ ಬರುವಾಗ ದೋಸೆ ಹಿಟ್ಟು ತರೋಣ ಅಂತ ಇಂಡಿಯನ್ ಅಂಗಡಿ ಮುಂದೆ ಕಾರು ನಿಲ್ಲಿಸಿದೆ. ತಾತನೂ ಹಿಂದೆಯೇ ಬಂದರು. ಕೊತ್ತಂಬರಿ ಆರಿಸುತ್ತಿದ್ದ ಮೈಸೂರು ಕಡೆಯ ಆಂಟಿ ಒಬ್ಬರು ತಾತನನ್ನೇ ದಿಟ್ಟಿಸಿ ನೋಡಿ ನನ್ನ ಕಿವಿಯಲ್ಲಿ ಅಂದರು: "ಈ ಮುಖ ಎಲ್ಲೋ ನೋಡಿದೀನಿ ಕಣಪ್ಪ. ಒಳ್ಳೆ ಕೆಲಸ ಮಾಡಿರೋ ಮುಖ ಅಲ್ಲ ಇದು."

ಟೀವಿಯಲ್ಲಿ ನೋಡಿರಬೇಕು ಅಂತ ಹೇಳುವಷ್ಟರಲ್ಲಿ ಆಂಟಿಯ ದನಿ ಏರಿತು. "ಗೊತ್ತಾಯ್ತು ಬಿಡು. ಬಾಡಿಗೆ ಮನೆ ಇನ್‌ಸ್ಪೆಕ್ಷನ್‌ಗೆ ಬಂದು, ಒಲೆ ಹಿಂದೆ ಒಗ್ಗರಣೆ ಜಿಡ್ಡು ಅಂತ ಬರ್ಕೊಂಡು ಹೋದನಲ್ಲ ಏಜೆಂಟು, ಅವನೇ ಇವನು." ಅಷ್ಟನ್ನೂ ಇಂಗ್ಲಿಷಿನಲ್ಲಿ ತಾತನ ಮುಖಕ್ಕೇ ಹೇಳಿದರು.

ತಾತ ಇಲ್ಲ ಅನ್ನಲಿಲ್ಲ. ಕನ್ನಡಕ ಮೂಗಿನ ತುದಿಗೆ ಇಳಿಸಿ, ಎಲ್ಲಿಂದಲೋ ಒಂದು ಒಣ ದನಿ ತಂದುಕೊಂಡು ಕೇಳಿದರು: "ಆ ಜಿಡ್ಡು ಈಗ ಹೇಗಿದೆ ಮೇಡಂ?"

ಆಂಟಿ ತಣ್ಣಗಾಗಿಬಿಟ್ಟರು. "ಒರೆಸಿದೀವಿ ಸರ್. ಎರಡು ಸಲ ಒರೆಸಿದೀವಿ."

ಕಾರು ಹತ್ತುವವರೆಗೂ ನನಗೆ ಅನುಮಾನ, ಈಯಪ್ಪ ನಿಜವಾಗಿಯೂ ಏಜೆಂಟಾಗಿದ್ದರೇನೋ ಅಂತ. "ಸರ್, ಅವರ ಮನೆ ಎಲ್ಲಿದೆ?" ಅಂದೆ.

"ನನಗೇನು ಗೊತ್ತು ಮರಿ? ಪಾಪ ಅವರೇ ಕರೆದು ಪಾತ್ರ ಕೊಟ್ಟರು. ಬೇಡ ಅನ್ನೋಕಾಗುತ್ತಾ?"

೩. ಮಗಳು

ಮೆಲ್ಬೋರ್ನ್‌ಗೆ ಬಂದ ಮೇಲೆ ಬಾಕ್ಸ್ ಹಿಲ್‌ನಲ್ಲಿ ತಾತನಿಗೆ ರೂಮು. ಥಿಯೇಟರಿಗೆ ಹೋಗುವ ದಾರಿಯಲ್ಲಿ ಕಾರಿನಲ್ಲೇ ಮಾತು ಒಪ್ಪಿಸುತ್ತಿದ್ದರು. ನಾಟಕದಲ್ಲಿ ಅವರು ಸಾಯಲು ಕಾಯುತ್ತಿರುವ ಮುದುಕ ಅಪ್ಪ. ಆಸ್ತಿಗಾಗಿ ಮಗಳೇ ಸೂಪಿನಲ್ಲಿ ವಿಷ ಹಾಕುತ್ತಿದ್ದಾಳೆ ಅಂತ ಅವರಿಗೆ ಅನುಮಾನ. ಮಗಳ ಮಾತು ನಾನು ಹೇಳಬೇಕು. ನಮ್ಮೂರ ನಾಟಕದಲ್ಲಿ ಗದೆ ಹಿಡಿದು ಅಬ್ಬರಿಸಿದವನು ನಾನು, ಮೆಲ್ಲಗೆ ಮಾತಾಡುವುದು ನನಗೆ ಬರುವುದಿಲ್ಲ.

ಸಿಗ್ನಲ್ ಬಿತ್ತು. ಕಿಟಕಿ ಇಳಿಸಿತ್ತು. ತಾತ ನಡುಗುತ್ತಾ, "ಸೂಪಿಗೆ ಏನು ಹಾಕಿದೀಯ?" ಅಂದರು. ನಾನು ಗಂಟಲು ಹರಿಯುವ ಹಾಗೆ, "ಸುಮ್ಮನೆ ಕುಡೀರಿ, ಬೇಗ ಮುಗಿಯುತ್ತೆ" ಅಂದೆ. ಪಕ್ಕದ ಕಾರಿನ ಹೆಂಗಸು ಬಾಯಿಯ ಮೇಲೆ ಕೈ ಇಟ್ಟುಕೊಂಡಿದ್ದು ಕಂಡಿತು.

ಸ್ವಲ್ಪ ದೂರ ಹೋಗುವಷ್ಟರಲ್ಲಿ ಪೊಲೀಸರು ಕಾರು ನಿಲ್ಲಿಸಿದರು. ಒಬ್ಬ ಬಗ್ಗಿ ತಾತನನ್ನು ಕೇಳಿದ: "ಸರ್, ಏನೂ ತೊಂದರೆ ಇಲ್ಲವಲ್ಲ? ಈ ಮನುಷ್ಯ ಯಾರು?"

ತಾತ ನನ್ನ ಮೀಸೆಯನ್ನು ಒಮ್ಮೆ ನೋಡಿದರು. "ನನ್ನ ಮಗಳು" ಅಂದರು.

ಇದು ಮರೆವೋ, ಕುಚೇಷ್ಟೆಯೋ? ನಮ್ಮನ್ನು ಬಿಟ್ಟು ಕಳಿಸುವವರೆಗೂ ಪೊಲೀಸರಿಗೂ ಗೊತ್ತಾಗಲಿಲ್ಲ, ನನಗೂ ಗೊತ್ತಾಗಲಿಲ್ಲ. ಮೇಡಂ ಫೋನ್ ಮಾಡಿದಾಗ, "ನೋಡ್ತಾ ಇದೀನಿ" ಅಂದೆ.

೪. ಮನೆ ಪಾರ್ಟು

ಮೊದಲ ಶೋ. ಥಿಯೇಟರು ಭರ್ತಿ. ನಾನು ಸೈಡ್ ವಿಂಗ್‌ನಲ್ಲಿ, ನಾಟಕದ ಮನೆಗೆ ಅಂತ ನಿಲ್ಲಿಸಿದ್ದ ಬಣ್ಣದ ಗೋಡೆಯ ಹಿಂದೆ ನಿಂತಿದ್ದೆ. ಪಕ್ಕದಲ್ಲಿ ಮೇಡಂ. ತಾತ "ಈ ಮನೆ ನಿನಗಿಲ್ಲ ಮಗಳೇ" ಅನ್ನಬೇಕಾದ ಜಾಗ ಬಂತು. ತಾತ ಸುಮ್ಮನೆ ನಿಂತರು. ನಿಂತೇ ಇದ್ದರು. ಮೇಡಂ ನನ್ನ ಕಡೆ ಬಗ್ಗಿದರು. "ಮುಗೀತು. ನಾಳೆಯಿಂದ ಬೇರೆಯವರು" ಅಂತ ಗೊಣಗಿದರು.

ನಮ್ಮೂರಲ್ಲಿ ಪಾತ್ರಧಾರಿ ಮಾತು ಮರೆತರೆ ಪರದೆ ಹಿಂದಿನಿಂದ ಮೇಷ್ಟ್ರು ಕೂಗಿ ಹೇಳುತ್ತಾರೆ. ಇಡೀ ಊರಿಗೆ ಕೇಳಿಸುತ್ತದೆ, ಯಾರೂ ತಪ್ಪು ತಿಳಿಯುವುದಿಲ್ಲ. ನಾನೂ ಇಂಗ್ಲಿಷಿನಲ್ಲೇ ಕೂಗಿದೆ: "ಈ ಮನೆ ನಿನಗಿಲ್ಲ ಮಗಳೇ!"

ತಾತ ನಿಧಾನಕ್ಕೆ ಗೋಡೆಯ ಕಡೆ ತಿರುಗಿದರು, ಆಮೇಲೆ ಮಗಳ ಪಾತ್ರದವಳ ಕಡೆ. "ನಾನು ಹೇಳೋದು ಬೇಡ ಅಂತಿದ್ದೆ. ಈ ಮನೆಗೇ ತಡೆಯೋಕಾಗಲಿಲ್ಲ ನೋಡು."

ಜನ ಎದ್ದು ನಿಂತು ಚಪ್ಪಾಳೆ ಹೊಡೆದರು. ಶೋ ಮುಗಿದ ಕೂಡಲೇ ಡೈರೆಕ್ಟರು ಓಡಿಬಂದು, ಇನ್ನು ದಿನಾ ಈ ಮನೆ ಮಾತಾಡಲೇಬೇಕು, ನೀನೇ ಕೂಗು ಅಂದುಬಿಟ್ಟರು. ಮೇಡಂ ಮಾತ್ರ ನನ್ನನ್ನು ಮೂಲೆಗೆ ಎಳೆದರು. "ನಿಜ ಹೇಳು. ಮರೆತರಾ?"

"ಮರೆವು ಎಲ್ಲಿ ಬಂತು ಮೇಡಂ? ಬೇಕಂತಲೇ ನಿಲ್ಲಿಸಿದರು. ಕಾರಲ್ಲೇ ಮಾತಾಡ್ಕೊಂಡಿದ್ವಿ" ಅಂದೆ. ಮೇಡಂ ನಂಬಿದರು.

ಊರಿಗೆ ಫೋನ್ ಮಾಡಿ, ಮೆಲ್ಬೋರ್ನ್ ಸ್ಟೇಜಿನಲ್ಲಿ ಪಾರ್ಟು ಸಿಕ್ಕಿದೆ ಅಂದೆ. "ಏನು ಪಾರ್ಟ್ಲಾ?" ಅಂದರು ಅಪ್ಪ. "ಮನೆ ಪಾರ್ಟು." "ಮನೆ ಯಜಮಾನನ ಪಾರ್ಟಾ?" "ಅಲ್ಲಪ್ಪ, ಮನೆದೇ." ಅಪ್ಪ, "ಊಟ ಆಯ್ತಾ?" ಅಂದರು.

ಮಾರನೇ ದಿನ ಮಧ್ಯಾಹ್ನದ ಶೋ. ಅದೇ ಜಾಗ. ತಾತ ನಿಂತು ಗೋಡೆಯ ಕಡೆ ನೋಡಿದರು. ನಾನು ಬಾಯಿ ತೆರೆದೆ. ಏನೂ ಬರಲಿಲ್ಲ. ಇದ್ದ ಒಂದೇ ಒಂದು ಮಾತು, ಇಂಗ್ಲಿಷಿನಲ್ಲೂ ಇಲ್ಲ, ಕನ್ನಡದಲ್ಲೂ ಇಲ್ಲ.

ತಾತ ಕುಂಟುತ್ತಾ ಬಂದು ಗೋಡೆಗೆ ಕಿವಿ ಇಟ್ಟರು. ತಲೆಯಾಡಿಸಿದರು. "ಈ ಮನೆ ನಿನಗಿಲ್ಲ ಮಗಳೇ. ಮನೆಗೆ ಸಂಕೋಚವಂತೆ, ನೀವೇ ಹೇಳಿ ಅಂತಿದೆ." ಹಿಂದಿನ ದಿನಕ್ಕಿಂತ ಜೋರು ಚಪ್ಪಾಳೆ.

ವಾಪಸು ಬರುವಾಗ ಕಾರಿನಲ್ಲಿ ನಾನು ರಸ್ತೆಯಿಂದ ಕಣ್ಣು ತೆಗೆಯಲಿಲ್ಲ. ತಾತನೇ ಶುರು ಮಾಡಿದರು.

"ಮೇಡಂ ನನ್ನನ್ನ ಮೂಲೆಗೆ ಕರೆದು, ಹುಡುಗ ಮಾತು ಮರೆತನಾ ಅಂತ ಕೇಳಿದರು."

"ನೀವೇನಂದ್ರಿ ಸರ್?"

"ಬೇಕಂತಲೇ ಸುಮ್ಮನಿದ್ದ, ಕಾರಲ್ಲೇ ಮಾತಾಡ್ಕೊಂಡಿದ್ವಿ ಅಂದೆ."

"ನಂಬಿದರಾ?"

"ನೀನು ಇದೇ ಸುಳ್ಳು ಹೇಳಿದಾಗ ನಂಬಲಿಲ್ಲವಾ?"

ಕಾರು ಪಕ್ಕಕ್ಕೆ ಹಾಕಿ ನಿಲ್ಲಿಸಿದೆ. ಸುಳ್ಳು ಅಂದರಲ್ಲ, ಸಿಕ್ಕಿಬಿದ್ದರು ಅಂದುಕೊಂಡೆ. "ಸರ್, ಹಾಗಾದರೆ ನಿನ್ನೆ ನಿಮಗೆ ನಿಜವಾಗಿಯೂ ಮಾತು ಮರೆತುಹೋಗಿತ್ತು."

ತಾತ ಹುಬ್ಬು ಗಂಟು ಹಾಕಿಕೊಂಡು ನನ್ನನ್ನೇ ನೋಡಿದರು.

"ನಿನ್ನೆ ಶೋ ಇತ್ತಾ?"