ಕೋಟಿನ ಜೇಬಿನಲ್ಲಿ ಕೊಂಬಿನುಪ್ಪು

ಈ ಕ್ರಿಸ್‌ಮಸ್‌ಗೆ ನಮ್ಮ ಕಡೆಯ ಪದ್ಧತಿಯಂತೆ ಏಳಕ್ಕೆ ಏಳೂ ಬಗೆಯ ಬಿಸ್ಕತ್ತು ನಾನೊಬ್ಬಳೇ ಮಾಡಿ, ಡಬ್ಬಿಗೆ ತುಂಬಿ, ಹಡಗು ಹತ್ತಿ, ಎರಡು ರಾತ್ರಿ ಉತ್ತರಕ್ಕೆ ಪ್ರಯಾಣ ಮಾಡಿ, ಗೆಳತಿ ಗುನ್ವೊರ್‌ಳ ಮೇಜಿನ ಮೇಲೆ ಸಾಲಾಗಿ ಜೋಡಿಸಿ, ಐವತ್ತೆರಡು ವರ್ಷ ಹೊಟ್ಟೆಯಲ್ಲಿಟ್ಟುಕೊಂಡಿದ್ದ ಒಂದು ಮಾತನ್ನು ಅವಳ ಎದುರು ಕಕ್ಕಿಯೇ ಬರುತ್ತೇನೆ ಎಂದು ನವೆಂಬರ್ ಕೊನೆಯ ಭಾನುವಾರ ನಾನು ಘೋಷಿಸಿದೆ!

ಘೋಷಣೆ ಕೇಳಲು ಇದ್ದದ್ದು ನನ್ನ ಗಂಡ ಐಲಿಫ್ ಒಬ್ಬನೇ. ಅವನು ಪೇಪರಿನಿಂದ ತಲೆ ಎತ್ತಲಿಲ್ಲ.

"ಏಳು ಬಗೆ ಯಾಕೆ ಮಾರಾಯ್ತಿ? ಮೂರು ಸಾಲದಾ?"

"ಏಳರಲ್ಲಿ ಒಂದು ಕಮ್ಮಿಯಾದ್ರೂ ಅದು ಕ್ರಿಸ್‌ಮಸ್ ಅಲ್ಲ. ಬರೀ ಕಾಫಿಗೆ ಕರೆದ ಹಾಗೆ!"

"ಹೋದ ವರ್ಷ ನಾಲ್ಕೇ ಮಾಡಿದ್ದೆ."

"ಹೋದ ವರ್ಷ ಮಂಡಿ ನೋವಿತ್ತು."

"ಈ ವರ್ಷ ಮಂಡಿ ಎಲ್ಲಿಗೆ ಹೋಯ್ತು?"

ಇಂಥವನ ಜೊತೆ ನಲವತ್ತಾರು ವರ್ಷ ಬಾಳಿದ್ದೇನೆ. ಇರಲಿ. ಮೊದಲು ಆ ಮಾತು ಯಾವುದೆಂದು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದು ನಿಮಗೆ ಅರ್ಥವಾಗುವುದಿಲ್ಲ.

ಹದಿನೇಳನೇ ವಯಸ್ಸಿನಲ್ಲಿ ನಾನೂ ಗುನ್ವೊರ್‌ಳೂ ಅಡುಗೆ, ಮನೆಗೆಲಸ ಕಲಿಸುವ ಒಂದೇ ಗೃಹಿಣಿ ಶಾಲೆಯಲ್ಲಿದ್ದೆವು. ಒಂದೇ ಕೋಣೆ, ಒಂದೇ ಕನ್ನಡಿ, ಹೊರಗೆ ಹೋಗಲು ಇಬ್ಬರಿಗೂ ಸೇರಿ ಒಂದೇ ಜೊತೆ ಒಳ್ಳೆಯ ಬೂಟು. ಕುಣಿತಕ್ಕೆ ಹೋಗಬೇಕೆಂದರೆ ಒಬ್ಬಳು ಅರ್ಧ ಹೊತ್ತು, ಇನ್ನೊಬ್ಬಳು ಇನ್ನರ್ಧ ಹೊತ್ತು! ಅಷ್ಟು ಜೀವದ ಗೆಳತಿಯರು. ಆದರೆ ಗುನ್ವೊರ್ ಮುಟ್ಟಿದ್ದೆಲ್ಲ ಸರಿಯಾಗಿ ಉಬ್ಬುತ್ತಿತ್ತು, ನಾನು ಮುಟ್ಟಿದ್ದು ಮಧ್ಯದಲ್ಲಿ ಕುಸಿಯುತ್ತಿತ್ತು. ಬ್ರೆಕ್ಕೆ ಟೀಚರು ದಿನಕ್ಕೆ ಹತ್ತು ಸಲ "ಗುನ್ವೊರ್‌ಳನ್ನು ನೋಡಿ ಕಲಿ, ಮಾಗ್ನಿಲ್ಡ್" ಎನ್ನುತ್ತಿದ್ದರು. ಆ ಮಾಗ್ನಿಲ್ಡ್ ನಾನೇ. ಹೊಟ್ಟೆ ಉರಿಯದೆ ಏನು ಮಾಡೀತು?

ಕ್ರಿಸ್‌ಮಸ್ ಪರೀಕ್ಷೆಗೆ ಪಾಕದ ಬಿಸ್ಕತ್ತು ಬಂತು. ಪಾಕ, ಕೆನೆ, ಶುಂಠಿ, ಹಿಟ್ಟು, ಕೊನೆಗೆ ಒಂದು ಚಮಚ ಕೊಂಬಿನುಪ್ಪು. ಹಿಂದೆ ಜಿಂಕೆಯ ಕೊಂಬಿನಿಂದ ಮಾಡುತ್ತಿದ್ದರಂತೆ, ಅದಕ್ಕೆ ಆ ಹೆಸರು. ಮೂಗಿಗೆ ಹಿಡಿದರೆ ಶುದ್ಧ ಅಮೋನಿಯಾದ ಘಾಟು. ಒಂದು ಚಮಚ ಹಾಕಿದರೆ ಬಿಸ್ಕತ್ತು ಗರಿಗರಿ. ಎರಡು ಹಾಕಿದರೆ ತಿಂದವರ ಕಣ್ಣು, ಮೂಗು, ಬಾಯಿ ಮೂರರಲ್ಲೂ ನೀರು! ಕಲಸಿದ ಹಿಟ್ಟು ರಾತ್ರಿಯೆಲ್ಲ ತಣ್ಣಗೆ ಕೂತಿರಬೇಕು. ಬೆಳಗ್ಗೆ ಎಲ್ಲರಿಗಿಂತ ಮೊದಲು ಎದ್ದು ಉಗ್ರಾಣಕ್ಕೆ ಹೋದವಳು ನಾನು. ಗುನ್ವೊರ್‌ಳ ಹೆಸರಿನ ಚೀಟಿಯಿದ್ದ ಬೋಗುಣಿಯ ಬಟ್ಟೆ ಸರಿಸಿ, ಇನ್ನೊಂದು ಚಮಚ ಕೊಂಬಿನುಪ್ಪು ಸೇರಿಸಿ, ಚೆನ್ನಾಗಿ ನಾದಿ, ಮುಚ್ಚಿಟ್ಟು ಬಂದೆ. ಬ್ರೆಕ್ಕೆ ಟೀಚರು ಅವಳ ಬಿಸ್ಕತ್ತು ಕಚ್ಚಿ ಕಿಟಕಿಯತ್ತ ಓಡಿದರು. ಗುನ್ವೊರ್ ಫೇಲು. ನಾನು ತರಗತಿಗೇ ಮೊದಲು!

ಗುನ್ವೊರ್ ಮುಂದಿನ ತಿಂಗಳೇ ಶಾಲೆ ಬಿಟ್ಟು, ದೂರದ ಉತ್ತರದ ಫಿನ್‌ಮಾರ್ಕಿನ ತುದಿಯಲ್ಲಿರುವ ಸ್ಕಾರ್ವೊಯ್ ಎಂಬ ಮೀನಿನ ಊರಿಗೆ ಹೋಗಿ, ಅಲ್ಲಿನ ಕಾರ್ಖಾನೆಯ ಶೀತಲಗೃಹದಲ್ಲಿ ಕೆಲಸಕ್ಕೆ ಸೇರಿದಳು. ಮೂವತ್ತೆಂಟು ವರ್ಷ ಅಲ್ಲೇ ಅಮೋನಿಯಾ ಹರಿಯುವ ಕಬ್ಬಿಣದ ಕೊಳವೆಗಳ ನಡುವೆ ಕಳೆದಳು. ವರ್ಷಕ್ಕೊಂದು ಕಾಗದ, ಮೂವತ್ತು ವರ್ಷದ ಹಿಂದೆ ಒಂದು ಮದುವೆಯಲ್ಲಿ ಒಂದು ಭೇಟಿ, ಅಷ್ಟೇ ನಮ್ಮ ಸಂಬಂಧ ಉಳಿದದ್ದು. ಅವಳ ಬದುಕು ಹಾಳುಮಾಡಿದವಳು ನಾನು ಎಂಬ ಮುಳ್ಳು ಮಾತ್ರ ನನ್ನೊಳಗೆ ಹಾಗೇ ಇತ್ತು. ಈಗ ಅರವತ್ತೊಂಬತ್ತು. ಇನ್ನೂ ಹೇಳದಿದ್ದರೆ ಯಾವಾಗ ಹೇಳುವುದು?

"ಅವಳು ಬಾಗಿಲು ಮುಖದ ಮೇಲೆ ಹಾಕಿದ್ರೆ?" ಎಂದ ಐಲಿಫ್.

"ಮುಂದಿನ ಹಡಗಿಗೆ ವಾಪಸು ಬರ್ತೀನಿ."

"ಬಿಸ್ಕತ್ತು ಅಲ್ಲೇ ಬಿಟ್ಟು ಬರಬೇಡ ಮತ್ತೆ."

ಬರುತ್ತೇನೆಂದು ಅವಳಿಗೆ ಕಾಗದ ಹಾಕಿ, ಆರು ಬಗೆ ಮನೆಯಲ್ಲೇ ಮಾಡಿದೆ. ಏಳನೆಯದು, ಆ ಪಾಕದ ಬಿಸ್ಕತ್ತು, ಗುನ್ವೊರ್‌ಳ ಅಡುಗೆಮನೆಯಲ್ಲಿ, ಅವಳ ಕಣ್ಣೆದುರೇ, ಅಳತೆ ತಪ್ಪದೆ ಮಾಡಬೇಕು ಎಂಬುದು ನನ್ನ ಮಹಾಯೋಜನೆ. ಅದಕ್ಕೆಂದೇ ಕೊಂಬಿನುಪ್ಪಿನ ದೊಡ್ಡ ಪೊಟ್ಟಣವೊಂದನ್ನು ಕೊಂಡು, ಮರೆಯಬಾರದೆಂದು ಕೋಟಿನ ಜೇಬಿಗೇ ಹಾಕಿಕೊಂಡೆ. ಆಹಾ, ಎಂಥ ಮುಂದಾಲೋಚನೆ!

ಬೋಡೋ ಬಂದರಿನಲ್ಲಿ ಹಡಗು ಹತ್ತಿದೆ. ಮೂರನೇ ದಿನ ಬೆಳಗ್ಗೆ, ಸ್ಕಾರ್ವೊಯ್‌ಗೆ ಇನ್ನು ಒಂದು ಗಂಟೆ ಇರುವಾಗ, ಮೇಲಿನ ಡೆಕ್ಕಿಗೆ ಹೋಗಿ ನಿಂತೆ. ಹುಡುಗಿಯರಾಗಿದ್ದಾಗ ನಾನೂ ಅವಳೂ ಇದೇ ಹಡಗು ದಾರಿಯಲ್ಲಿ ರಜೆಗೆ ಊರಿಗೆ ಹೋಗುತ್ತಿದ್ದೆವು, ಟಿಕೆಟ್ ಇಲ್ಲದವರ ಹಾಗೆ ಸರಕುಗಳ ನಡುವೆ ಮಲಗಿ, ಯಾರಿಗೋ ಸೇರಿದ ಒಣಮೀನು ಕದ್ದು ತಿನ್ನುತ್ತಾ. ಅದನ್ನೇ ನೆನೆಯುತ್ತಾ ನಿಂತುಬಿಟ್ಟೆ. ಹಸಿ ಹಿಮ ಬೀಳುತ್ತಿದ್ದುದೂ ಗೊತ್ತಾಗಲಿಲ್ಲ. ಕೋಟು ತೊಪ್ಪೆಯಾಗಿತ್ತು.

ಉತ್ತರದವರು ಒದ್ದೆಯಾದದ್ದನ್ನು ಏನು ಮಾಡುತ್ತಾರೆ? ಕಾಲುಚೀಲವಾಗಲಿ, ಕೈಗವಸಾಗಲಿ, ಹೀಟರಿನ ಮೇಲೆ ಹಾಕುತ್ತಾರೆ. ಯೋಚನೆ ಮಾಡಿ ಹಾಕುವುದಲ್ಲ, ಕೈಯೇ ಹಾಕುತ್ತದೆ. ನನ್ನ ಕೈಯೂ ಕ್ಯಾಬಿನ್ನಿನ ಹೀಟರಿನ ಮೇಲೆ ಕೋಟು ಹರವಿ, ಬಿಸಿಯನ್ನು ಪೂರ್ತಿ ತಿರುಗಿಸಿತು. ನಾನು ತಿಂಡಿಗೆ ಹೋದೆ.

ಎರಡನೇ ತುಂಡು ಮೀನು ಬಾಯಿಗಿಡುವಷ್ಟರಲ್ಲಿ ಮೂಗಿಗೆ ಬಡಿಯಿತು. ಆ ಘಾಟು ನನಗೆ ಗೊತ್ತಿಲ್ಲದ್ದೇ? ಫೋರ್ಕು ಬಿಸಾಡಿ ಎದ್ದು ನಿಂತು ಕಿರುಚಿದೆ: "ಅಮೋನಿಯಾ!"

ಬೇರೆ ಕಡೆ ಆಗಿದ್ದರೆ ಜನ "ಏನಂದ್ರಿ?" ಎಂದು ಕೇಳುತ್ತಿದ್ದರು. ಆದರೆ ಆ ಊಟದ ಕೋಣೆಯಲ್ಲಿ ಅರ್ಧಕ್ಕರ್ಧ ಮಂದಿ ಮೀನು ಕಾರ್ಖಾನೆಯ ಊರುಗಳ ಮುದುಕ ಮುದುಕಿಯರು. ಶೀತಲಗೃಹದ ಕೊಳವೆ ಒಡೆದು ಅಮೋನಿಯಾ ಸೋರಿದರೆ ಗಾಳಿಗೆ ಎದುರಾಗಿ ಓಡಬೇಕು ಎಂಬುದನ್ನು ಅವರು ಎಬಿಸಿಡಿಗಿಂತ ಮೊದಲು ಕಲಿತವರು. ಒಂದೇ ಒಂದು ಪ್ರಶ್ನೆಯಿಲ್ಲದೆ ಎದ್ದರು. ಹೊರಗೆ ಬಂದು, ಅರವತ್ತು ಎಪ್ಪತ್ತು ಜನ ಒಟ್ಟಿಗೆ ಬೆರಳು ನೆಕ್ಕಿ ಮೇಲೆತ್ತಿ, ಗಾಳಿಯ ದಿಕ್ಕು ನೋಡಿ, ಹಡಗಿನ ಮೂತಿಯತ್ತ ದೌಡಾಯಿಸಿದರು! ಊರುಗೋಲಿದ್ದವರು ಊರುಗೋಲು ಕಂಕುಳಲ್ಲಿಟ್ಟುಕೊಂಡು ಓಡಿದರು. ಅವರನ್ನು ನೋಡಿ ಉಳಿದವರೂ ಓಡಿದರು. ಒಬ್ಬಾತ ಅವಸರದಲ್ಲೂ ಮೊಟ್ಟೆಯ ತಟ್ಟೆ ಬಿಟ್ಟಿರಲಿಲ್ಲ.

ಹಡಗಿನ ಅಧಿಕಾರಿ ಯಾರ್ಲೆ ಏದುಸಿರು ಬಿಡುತ್ತಾ ಬಂದ. "ಮೊದಲು ವಾಸನೆ ಹಿಡಿದವರು ಯಾರು?"

"ನಾನು!" ಎಂದೆ, ಎದೆಯುಬ್ಬಿಸಿ.

"ದೊಡ್ಡ ಉಪಕಾರ ಮಾಡಿದ್ರಿ ಅಮ್ಮಾ. ಎಷ್ಟು ಜೀವ ಉಳಿಸಿದ್ರೋ!"

ಯಾರೋ ಹೊದಿಕೆ ತಂದು ಹೆಗಲಿಗೆ ಹಾಕಿದರು. ಯಾರೋ ಕಾಫಿ ಕೊಟ್ಟರು. ಒಬ್ಬ ಮುದುಕ ನನ್ನ ಕೈ ಹಿಡಿದು ಕಣ್ಣೊರೆಸಿಕೊಂಡ. ಇಪ್ಪತ್ತು ನಿಮಿಷ ನಾನು ಆ ಹಡಗಿನ ರಾಣಿ! ಅಷ್ಟರಲ್ಲಿ ಕೆಳಗಿನಿಂದ ಎಂಜಿನಿಯರು ಬಂದು, ಹಡಗಿನ ಶೀತಲ ಯಂತ್ರದಲ್ಲಿ ಅಮೋನಿಯಾ ಇಲ್ಲವೇ ಇಲ್ಲ, ವಾಸನೆ ಎಲ್ಲಿಂದ ಬರುತ್ತಿದೆಯೋ ದೇವರೇ ಬಲ್ಲ ಎಂದು ತಲೆ ಕೆರೆದುಕೊಂಡ. ಅಷ್ಟು ಹೊತ್ತಿಗೆ ಸ್ಕಾರ್ವೊಯ್ ಬಂತು.

ಯಾರ್ಲೆ ಹಡಗಿನ ಅಂಚಿನ ಕಂಬಿಯ ಮೇಲಿಂದ ಬಂದರಿನ ದಕ್ಕೆಯವರಿಗೆ ಕೂಗಿದ: "ಅಮೋನಿಯಾದ ವಿಷಯ ಗೊತ್ತಿರೋರು ಯಾರಾದ್ರೂ ಇದ್ದಾರಾ?"

"ಇಲ್ಲೇ ನಿಂತಿದಾಳಲ್ಲ! ಇವಳ ಮೂಗಿನಂಥ ಮೂಗು ಇಡೀ ಫಿನ್‌ಮಾರ್ಕ್‌ನಲ್ಲಿಲ್ಲ!" ಎಂದು ದಕ್ಕೆಯ ಆಳು ಒಬ್ಬಳನ್ನು ಮುಂದೆ ತಳ್ಳಿದ. ನನ್ನನ್ನು ಕರೆದೊಯ್ಯಲು ಕಾಲಲ್ಲಿ ನೂಕುವ ಜಾರುಬಂಡಿ ತಂದು ನಿಂತಿದ್ದ ಗುನ್ವೊರ್!

ಅವಳು ಹತ್ತಿ ಬಂದಳು. ಮೂಗು ಮೇಲೆತ್ತಿ ಎರಡು ಸಲ ಗಾಳಿ ಎಳೆದಳು. ಜನ ದಾರಿ ಬಿಟ್ಟರು. ಗುಂಪಿನ ಹಿಂದೆ ಹೊದಿಕೆಯೊಳಗೆ ನಿಂತಿದ್ದ ನಾನು ಅವಳ ಕಣ್ಣಿಗೆ ಬೀಳಲಿಲ್ಲ. ಮೆಟ್ಟಿಲಿಳಿದು ಹೋದವಳು ಐದು ನಿಮಿಷದಲ್ಲಿ ಮೇಲೆ ಬಂದಳು. ಚಾಚಿದ ಕೈಯಲ್ಲಿ, ಎರಡು ಬೆರಳ ತುದಿಯಲ್ಲಿ, ಒಂದು ಕೋಟು.

"ಈ ಕೋಟು ಯಾರದು?"

ಎಲ್ಲರೂ ಅತ್ತಿತ್ತ ನೋಡಿದರು. ಜೇಬಿನ ಪೊಟ್ಟಣ ಆಗ ನೆನಪಾದರೂ ನಾನೂ ಅತ್ತಿತ್ತ ನೋಡಿದೆ!

"ಕಾಲರಿನ ಒಳಗೆ ಹೆಸರು ಹೊಲಿದಿದೆ," ಎಂದಳು ಗುನ್ವೊರ್. ಓದಿದಳು. ನಿಧಾನಕ್ಕೆ ತಲೆಯೆತ್ತಿ ಗುಂಪಿನಲ್ಲಿ ಹುಡುಕಿದಳು. "ಲೇ ಮಾಗ್ನಿಲ್ಡ್! ಮೂವತ್ತು ವರ್ಷದ ಮೇಲೆ ಬರೋಳು, ಊರಿಗೆಲ್ಲ ಡಂಗುರ ಹೊಡ್ಕೊಂಡೇ ಬರ್ಬೇಕಾ?"

"ಇದೇನಿದು ಅಮ್ಮಾ?" ಎಂದ ಯಾರ್ಲೆ. ಈಗ ಆ 'ಅಮ್ಮಾ'ದಲ್ಲಿ ಮೊದಲಿನ ಬೆಣ್ಣೆ ಇರಲಿಲ್ಲ.

"ಕೊಂಬಿನುಪ್ಪು ಕಣಪ್ಪಾ," ಎಂದೆ ನೆಲ ನೋಡುತ್ತಾ. "ಬಿಸ್ಕತ್ತಿಗೆ."

ಯಾರ್ಲೆ ಜೇಬಿಗೆ ಮೂಗು ಹಿಡಿದು ಹಿಂದಕ್ಕೆ ಜಿಗಿದ. ಆಮೇಲೆ ಮುದುಕಿಯರ ಗುಂಪಿನಿಂದ ಒಬ್ಬಳು, "ಎಷ್ಟು ಚಮಚ ಹಾಕ್ತೀರಿ ನೀವು?" ಎಂದಳು. "ಒಂದೇ ಸಾಕು" ಎಂದಳು ಇನ್ನೊಬ್ಬಳು. "ನಮ್ಮಮ್ಮ ಒಂದೂವರೆ ಹಾಕ್ತಿದ್ಲು!" ಎಂದು ಮೂರನೆಯವಳು ಜಗಳಕ್ಕೆ ನಿಂತಳು. ನನ್ನ ಕೈ ಹಿಡಿದು ಕಣ್ಣೊರೆಸಿಕೊಂಡಿದ್ದ ಮುದುಕ ಮಾತ್ರ ಬಂದು ಹೊದಿಕೆ ವಾಪಸು ತೆಗೆದುಕೊಂಡು ಹೋದ.

"ಹಡಗು ತಡವಾದದ್ದಕ್ಕೆ ಕಾರಣ ಏನಂತ ಬರೀಲಿ?" ಎಂದ ಯಾರ್ಲೆ.

"ಕ್ರಿಸ್‌ಮಸ್ ಅಂತ ಬರಿ ಹೋಗು," ಎಂದಳು ಗುನ್ವೊರ್.

ಅವಳ ಮನೆಯಲ್ಲಿ ಮೂರು ಕೆಟಲ್ ಕಾಫಿ ಖಾಲಿಯಾದವು. ಅವಳ ಕೂದಲು ಪೂರ್ತಿ ಬೆಳ್ಳಗಾಗಿತ್ತು. ನಗು ಮಾತ್ರ ಅದೇ, ಮೊದಲು ಭುಜ ಅಲುಗಿ ಆಮೇಲೆ ದನಿ ಬರುವ ನಗು. ಒಂದು ಜೊತೆ ಬೂಟಿನ ಕುಣಿತ, ಬ್ರೆಕ್ಕೆ ಟೀಚರ ಗೊರಕೆ, ಹಾಸಿಗೆಯಡಿ ಅಡಗಿಸಿಟ್ಟು ಮರೆತು ಬೂಷ್ಟು ಹಿಡಿದ ಕೇಕು, ಎಲ್ಲ ಬಂತು. ನಕ್ಕು ನಕ್ಕು ಪಕ್ಕೆ ಹಿಡಿಯಿತು. ಇವಳನ್ನು ಬಿಟ್ಟು ಇಷ್ಟು ವರ್ಷ ಹೇಗಿದ್ದೆ ಅನ್ನಿಸಿತು. ಈಗ ಆ ಮಾತು ಹೇಳಿದರೆ ಈ ನಗು ನಿಲ್ಲುತ್ತದಲ್ಲ ಎಂದೂ ಅನ್ನಿಸಿತು. ಹೇಳಲಿಲ್ಲ. ಹಿಟ್ಟು ಕಲಸಲು ಎದ್ದೆ.

ಜೇಬು ಕೊಡವಿ, ಮೂಲೆಯೆಲ್ಲ ಕೆರೆದಾಗ ಕೊಂಬಿನುಪ್ಪು ಒಂದು ಚಮಚ ಉಳಿದಿತ್ತು. ಸರಿಯಾಗಿ ಒಂದೇ. ಮಾರನೆಯ ದಿನ ಲಟ್ಟಿಸಿ, ವಜ್ರದಾಕಾರಕ್ಕೆ ಕತ್ತರಿಸಿ, ನಡುವೆ ಬಾದಾಮಿ ಒತ್ತಿ ಒಲೆಗಿಟ್ಟೆವು. ಬೇಯುವಾಗ ಸ್ವಲ್ಪ ಘಾಟು ಬಂದೇ ಬರುತ್ತದೆ. ಆ ಘಾಟು ಬಂದದ್ದೇ ತಡ, ನಾನು ಕಟ್ಟಿಕೊಂಡಿದ್ದ ಬಾಯಿ ತಾನೇ ಬಿಚ್ಚಿತು.

"ಗುನ್ವೊರ್, ಆ ಪರೀಕ್ಷೆ ದಿನ ನಿನ್ನ ಹಿಟ್ಟಿಗೆ ಎರಡನೇ ಚಮಚ ಹಾಕಿದ್ದು ನಾನು. ಹೊಟ್ಟೆಕಿಚ್ಚಿಗೆ. ನಿನ್ನ ಬಾಳು ಹಾಳಾಗಿದ್ದು ನನ್ನಿಂದ ಕಣೇ. ಕ್ಷಮಿಸಿಬಿಡು."

ಗುನ್ವೊರ್ ಒಲೆಯ ಬಾಗಿಲಿಗೆ ಕೈಯಿಟ್ಟವಳು ಹಾಗೇ ನಿಂತಳು. ಭುಜ ಅಲುಗಲಿಲ್ಲ. ನಾನು ಬಾಗಿಲ ಬಳಿಯಿದ್ದ ನನ್ನ ಪೆಟ್ಟಿಗೆಯತ್ತ ನೋಡಿದೆ. ಇನ್ನೂ ಬಿಚ್ಚಿರಲಿಲ್ಲ, ಮುಂದಿನ ಹಡಗಿಗೆ ಹೊರಡುವುದು ಸುಲಭ, ಅಷ್ಟು ಸಮಾಧಾನ.

"ಬಾಳು ಹಾಳಾ? ಮೂವತ್ತೆಂಟು ವರ್ಷ ಶೀತಲಗೃಹದ ಆ ಯಂತ್ರಗಳು ನನ್ನ ಮಾತು ಕೇಳಿವೆ. ನಿನ್ನ ಗಂಡ ಕೇಳ್ತಾನಾ?" ಎಂದಳು. ಆಮೇಲೆ ದನಿ ತಗ್ಗಿಸಿ, "ಚೀಟಿ ನೋಡಿ ಹಾಕಿದ್ಯಾ?" ಎಂದಳು.

"ಹೂಂ. ನಿನ್ನ ಹೆಸರಿತ್ತು."

"ಹಿಂದಿನ ಸಂಜೆ ನಾನು ಚೀಟಿ ಬದಲಾಯಿಸಿದ್ದೆ ಕಣೇ. ನನ್ನ ಹಿಟ್ಟು ತೆಳ್ಳಗಾಗಿದೆ, ಕೆಟ್ಟಿತು ಅಂದ್ಕೊಂಡೆ. ನಿನ್ನದು ಚೆನ್ನಾಗಿ ಕಾಣ್ತಿತ್ತು. ಕದ್ದೆ."

ನಾನು ಕುರ್ಚಿ ಹುಡುಕಿ ಕೂತೆ. ಹಾಗಾದರೆ ನಾನು ಕೆಡಿಸಿದ್ದು ನನ್ನದೇ ಹಿಟ್ಟು! ಹಾಗಾದರೆ ತರಗತಿಗೇ ಮೊದಲು ಬಂದದ್ದು...

"ನನ್ನ ಹಿಟ್ಟು," ಎಂದಳು ಗುನ್ವೊರ್. ಈಗ ಭುಜ ಅಲುಗಿತು.

ಐವತ್ತೆರಡು ವರ್ಷ! ನೆಂಟರಿಷ್ಟರಿಗೆ, ಸೊಸೆಗೆ, ಅಂಚೆಯವನಿಗೆ ಕೂಡ "ನಾನು ಬೇಕಿಂಗಿನಲ್ಲಿ ತರಗತಿಗೇ ಮೊದಲು" ಎಂದು ಹೇಳಿಕೊಂಡು ಬಂದವಳು ನಾನು. ಅತ್ತೆನೋ ನಕ್ಕೆನೋ ಗೊತ್ತಿಲ್ಲ, ಅವಳನ್ನು ತಬ್ಬಿಕೊಂಡೆ. ಎದೆಯ ಮೇಲಿನ ಕಲ್ಲು ಇಳಿದದ್ದು ಮಾತ್ರ ನಿಜ.

"ಒಂದು ನಿಮಿಷ," ಎಂದು ಗುನ್ವೊರ್ ನನ್ನನ್ನು ದೂರ ಸರಿಸಿದಳು. ಅವಳ ಮುಖ ಬದಲಾಗಿತ್ತು. "ಕದ್ದ ಮಾರನೇ ದಿನವೇ ಆ ಘಾಟು ಬಂತಲ್ಲ, ದೇವರೇ ಶಿಕ್ಷೆ ಕೊಟ್ಟ ಅಂದ್ಕೊಂಡೆ ಕಣೇ! ಆವತ್ತಿಂದ ಇವತ್ತಿನವರೆಗೆ ಒಂದು ಭಾನುವಾರ ಚರ್ಚು ತಪ್ಪಿಸಿಲ್ಲ. ಜ್ವರ ಬಂದಾಗ್ಲೂ ಹೋಗಿದೀನಿ, ಹಿಮದಲ್ಲಿ ಹೂತುಕೊಂಡೂ ಹೋಗಿದೀನಿ. ಅದು ನೀನಾ?"

"ನಾನೇ," ಎಂದೆ. "ಕ್ಷಮಿಸ್ತೀಯಾ?"

"ಈ ಭಾನುವಾರ ನಾನು ಹತ್ತು ಗಂಟೆ ತನಕ ಮಲಗ್ತೀನಿ. ಎರಡನೇ ಸಾಲು, ಕಿಟಕಿ ಪಕ್ಕ ನನ್ನ ಜಾಗ. ನೀನು ಹೋಗಿ ಕೂತ್ಕೊ."

ಹೋಗಿ ಕೂತೆ. ಒಣಗಿದ ಮೇಲೂ ಘಾಟು ಬಿಡದ ಅದೇ ಕೋಟಿನಲ್ಲಿ. ಮೊದಲ ಸಾಲಿನವರು ಎರಡು ಸಲ ತಿರುಗಿ ನೋಡಿದರು. ಪ್ರಾರ್ಥನೆ ಮುಗಿದು ಹೊರಬರುವಾಗ ಪಾದ್ರಿಗಳು ಬಾಗಿಲಲ್ಲಿ ಗಾಬರಿಯಿಂದ ನನ್ನ ಕೈ ಹಿಡಿದರು.

"ಗುನ್ವೊರ್ ಎಲ್ಲಿ? ಹುಷಾರಿಲ್ವಾ?"

"ಹುಷಾರಾಗೇ ಇದ್ದಾಳೆ. ಮಲಗಿದ್ದಾಳೆ. ಅವಳ ಬದಲಿಗೆ ನಾನು ಬಂದಿದ್ದೀನಿ."

"ಒಳ್ಳೇದು, ಒಳ್ಳೇದು. ಎಷ್ಟು ದಿನಕ್ಕೆ?"

"ಐವತ್ತೆರಡು ವರ್ಷಕ್ಕೆ," ಎಂದೆ.