ಫೋಟೋಕ್ಕೆ ಮೊದಲು ಊಟ

ಊಟದ ಫೋಟೋ ತೆಗೆಯುವ ಕೆಲಸವನ್ನು ಹಸಿವಿಲ್ಲದವರಿಗೆ ಮಾತ್ರ ಕೊಡಬೇಕು. ನನಗಂತೂ ಕೊಡಲೇಬಾರದು. ಶಹಾಪುರದ ನನ್ನ ಅಂಗಡಿಯ ಬೋರ್ಡಿನ ಮೇಲೆ ‘ಡಿಜೈನ್, ಫೋಟೋ, ವೆಬ್‌ಸೈಟ್’ ಎಂದು ಬರೆಸುವಾಗ ಈ ಬುದ್ಧಿ ಎಲ್ಲಿ ಹೋಗಿತ್ತೋ! ವೆಬ್‌ಸೈಟ್ ಎಂಬುದು ಬೋರ್ಡಿನ ಮೇಲಷ್ಟೇ ಇತ್ತು. ಸಂಸಾರ ನಡೆಸುತ್ತಿದ್ದದ್ದು ಹುಟ್ಟುಹಬ್ಬದ ಬ್ಯಾನರುಗಳು. ಒಂದು ಬ್ಯಾನರಿನಲ್ಲಿ ಓಣಿಯ ಅರ್ಧ ಜನರ ಮುಖ ಇರುತ್ತದೆ. ಒಂದು ಮುಖ ಎಳ್ಳಷ್ಟು ಚಿಕ್ಕದಾದರೂ ಅದರ ಒಡೆಯ ಅಂಗಡಿಗೆ ಬಂದು, “ನನ್ನ ಫೋಟೋ ಅವನಕಿಂತ ಸಣ್ಣದ್ಯಾಕ ಮಾಡೀರಿ?” ಎಂದು ಜಗಳಕ್ಕೆ ನಿಲ್ಲುತ್ತಾನೆ. ಇಂಥವರಿಗೆ ಉತ್ತರ ಹೇಳಿ ಹೇಳಿ ನನಗೆ ಸಾಕಾಗಿಹೋಗಿತ್ತು. ಒಂದೇ ಒಂದು ಒಳ್ಳೆಯ ವೆಬ್‌ಸೈಟ್ ಮಾಡಿ ತೋರಿಸಿದರೆ ಈ ಮುಖಗಳಿಂದ ಬಿಡುಗಡೆ ಎಂದು ಹೆಂಡತಿಯ ಮುಂದೆ ಜಂಬ ಕೊಚ್ಚಿಕೊಂಡಿದ್ದೆ.

ಆಗ ಸಿಕ್ಕವರು ಸುರಪುರದ ರಂಗಂಪೇಟೆಯ ಶರಣಮ್ಮ. ಅವರ ಖಾನಾವಳಿಯ ಎದುರಿಗೇ ಬಣ್ಣಬಣ್ಣದ ದೀಪಗಳ ಹೊಸ ಹೋಟೆಲ್ ತಯಾರಾಗುತ್ತಿತ್ತು. ಪಕ್ಕದಲ್ಲಿ ಚಹಾ ಮಾರುವ ನನ್ನ ಹಳೆಯ ದೋಸ್ತ ಖಾಜಾಭಾಯಿ ನನ್ನನ್ನು ಅವರ ಮುಂದೆ ತಂದು ನಿಲ್ಲಿಸಿದ. “ಅದು ಸುರು ಆಗೂದ್ರಾಗ ನನ್ನ ಖಾನಾವಳಿ ಮೊಬೈಲ್‌ನಾಗ ಕಾಣಬೇಕು ನೋಡು ತಮ್ಮಾ,” ಎಂದರು ಶರಣಮ್ಮ. ಎಲ್ಲ ಸಿದ್ಧ ಮಾಡಿದೆ. ಉಳಿದದ್ದು ಊಟದ ತಾಟಿನ ಒಂದು ಫೋಟೋ. ಇಂಟರ್‌ನೆಟ್ಟಿನಿಂದ ಎತ್ತಿ ಹಾಕಬಹುದಿತ್ತಲ್ಲ ಎನ್ನುತ್ತೀರಿ. ಹಾಗೆ ಮಾಡಿ ಒಮ್ಮೆ ಕೈಸುಟ್ಟುಕೊಂಡವನು ನಾನು. ಗುರುಮಠಕಲ್‌ನ ಹೋಟೆಲೊಂದರ ಮೆನು ಕಾರ್ಡಿಗೆ ಎಲ್ಲಿಯದೋ ಊಟದ ಚಿತ್ರ ಹಾಕಿದ್ದೆ. ಗಿರಾಕಿಯೊಬ್ಬ ಕಾರ್ಡನ್ನು ತಾಟಿನ ಪಕ್ಕದಲ್ಲಿಟ್ಟು ಹೋಲಿಸಿ, ಚಿತ್ರದಲ್ಲಿರುವ ಗೋಡಂಬಿ ತಾಟಿನಲ್ಲೇಕಿಲ್ಲ ಎಂದು ಹಟ ಹಿಡಿದ. ಮಾಲೀಕ ಅವನಿಗೆ ನನ್ನ ನಂಬರು ಕೊಟ್ಟು ಕೈತೊಳೆದುಕೊಂಡ.

ಹೀಗಾಗಿ ನಾನೇ ಕ್ಯಾಮೆರಾ ಹಿಡಿದು ರಂಗಂಪೇಟೆಗೆ ಹೋದೆ. ಶರಣಮ್ಮ ತಾಟು ಹಚ್ಚಿ ತಂದರು. ಬಿಸಿ ಜೋಳದ ರೊಟ್ಟಿ, ಎಣ್ಣೆಗಾಯಿ, ಪುಂಡಿಪಲ್ಯ, ಶೇಂಗಾ ಹಿಂಡಿ, ಮೇಲೊಂದು ಬೆಣ್ಣೆಯ ಮುದ್ದೆ. ನಾನು ಟೇಬಲನ್ನು ಕಿಟಕಿಯ ಬೆಳಕಿಗೆ ಎಳೆಯತೊಡಗಿದ್ದೇ ಅವರ ಮುಖ ಬದಲಾಯಿತು.

“ಏನ್ ಮಾಡಾಕತ್ತಿ? ರೊಟ್ಟಿ ಆರತಾವ. ಮೊದಲ ಉಣ್ಣು.”

“ಇದು ಉಣ್ಣಾಕಲ್ರಿ ಅಕ್ಕಾರ, ನೋಡಾಕ.”

“ನೋಡಾಕ ಯಾರರ ತಾಟ ಹಚ್ಚತಾರೇನು? ಮುಂದ ಬಂದ ಊಟ ಕಾಯಿಸಬಾರದು. ಉಂಡ ಮ್ಯಾಲ ಎಷ್ಟರ ಫೋಟೋ ತಗಿ.”

ಸೊಂಟದ ಮೇಲೆ ಕೈಯಿಟ್ಟು ನಿಂತ ಹೆಂಗಸಿನೊಡನೆ ವಾದ ಮಾಡುವ ಧೈರ್ಯ ನನಗಿಲ್ಲ. ಮನೆಯಲ್ಲೇ ರೂಢಿ ತಪ್ಪಿದೆ. ಉಂಡೆ. ಇನ್ನೊಂದು ತಾಟು ಕೇಳಿದೆ. ಅದೂ ಕ್ಯಾಮೆರಾಕ್ಕೆಂದು ಬರಲಿಲ್ಲ, ನನಗೆಂದೇ ಬಂತು. ಮರುದಿನ ಮನೆಯಲ್ಲೇ ಹೊಟ್ಟೆ ತುಂಬಿಸಿಕೊಂಡು ಹೋಗಿ, ಹಸಿವಿಲ್ಲ ಎಂದೆ. “ನನ್ನ ಕೈಯಾಗಿಂದು ಸೇರಲಿಲ್ಲೇನು?” ಎನ್ನುವಾಗ ಅವರ ಕಣ್ಣಲ್ಲಿ ನೀರಾಡಿತು. ಮತ್ತೆ ಉಂಡೆ. ಉಳಿದ ಗಿರಾಕಿಗಳ ತಾಟಿಗಾದರೂ ಕ್ಯಾಮೆರಾ ಹಿಡಿಯೋಣವೆಂದರೆ, “ಸರೀರಿ ಅತ್ತ, ದೃಷ್ಟಿ ಆಗ್ತದ!” ಎಂದು ಉಣ್ಣುವವರೇ ಗದರಿಸಿದರು. ದಿನಗಳು ಕಳೆದವು, ಪ್ಯಾಂಟು ಬಿಗಿಯಾಯಿತು, ಕ್ಯಾಮೆರಾದಲ್ಲಿ ಮಾತ್ರ ಬರೀ ಎಂಜಲು ತಾಟುಗಳು.

ಎದುರಿನ ಹೋಟೆಲು ಶುರುವಾಗುವ ಹಿಂದಿನ ದಿನ ನನಗೆ ಕೆಟ್ಟ ಸಿಟ್ಟು ಬಂದಿತ್ತು. ಸಿಟ್ಟಿನಲ್ಲೇ ಉಣ್ಣುತ್ತಿದ್ದೆ. ಚಹಾ ಕೊಡಲು ಬಂದ ಖಾಜಾಭಾಯಿ ತನ್ನ ಮೊಬೈಲಿನಲ್ಲಿ ಟಕ್ಕನೆ ನನ್ನ ಫೋಟೋ ಹೊಡೆದ. ಕಣ್ಣು ಅರ್ಧ ಮುಚ್ಚಿವೆ, ಗಲ್ಲ ಉಬ್ಬಿದೆ, ಮೀಸೆಗೆ ಬೆಣ್ಣೆ ಮೆತ್ತಿದೆ. ಮುಂದೆ ಅರ್ಧ ಖಾಲಿಯಾದ ತಾಟು. “ಬಸ್ ಭಾಯ್, ಇದೇ ಹಾಕು. ನೋಡಿದವಗ ಹಸಿವಿ ಆಗ್ತದ,” ಎಂದ. ಶರಣಮ್ಮನವರಿಗೂ ಅದೇ ಬೇಕಾಯಿತು. ಬೆಳಕು ಸರಿಯಿಲ್ಲ, ಹಿಂದೆ ಗ್ಯಾಸ್ ಸಿಲಿಂಡರ್ ಕಾಣುತ್ತದೆ, ನನ್ನ ಮಾನ ಹೋಗುತ್ತದೆ ಎಂದು ಗೋಗರೆದೆ. ಕೇಳುವವರು ಯಾರು? ಬೇರೆ ದಾರಿಯಿಲ್ಲದೆ ಹಾಕಿದೆ.

ಖಾನಾವಳಿಗೆ ಜನ ಬಂದರು, ಸುಳ್ಳು ಹೇಳಲಾರೆ. ನಾನು ಕಣ್ಣು ಕೆಂಪಾಗಿಸಿಕೊಂಡು ಆರಿಸಿದ ಬಣ್ಣ, ಅಕ್ಷರ ಯಾವುದನ್ನೂ ಒಬ್ಬರೂ ನೋಡಿದಂತಿಲ್ಲ. ಬಸ್‌ಸ್ಟ್ಯಾಂಡಿನಲ್ಲಿ ಗುರುತು ಪರಿಚಯ ಇಲ್ಲದವರೂ, “ರೊಟ್ಟಿ ಉಣ್ಣಾವ್ರು ನೀವೇ ಅಲ್ರಿ?” ಎನ್ನುತ್ತಾರೆ. ಅದನ್ನೂ ಸಹಿಸಿಕೊಳ್ಳಬಹುದಿತ್ತು. ಆದರೆ ಆಡಿದ ಮಾತು ಉಳಿಸಿಕೊಂಡ ಹೆಮ್ಮೆಯಲ್ಲಿ ನಾನೇ ಹೋಗಿ ಹೆಂಡತಿಯ ಕೈಗೆ ಮೊಬೈಲ್ ಕೊಟ್ಟೆ. ಅವಳು ವೆಬ್‌ಸೈಟ್ ನೋಡಲಿಲ್ಲ. ಎರಡು ಬೆರಳಿನಿಂದ ನನ್ನ ಮುಖವನ್ನು ದೊಡ್ಡದು ಮಾಡಿ ಬಹಳ ಹೊತ್ತು ನೋಡಿದಳು.

“ಇಷ್ಟ್ ವರ್ಷ ನಾನೂ ರೊಟ್ಟಿ ಬಡದು ಹಾಕೀನಿ. ಈ ಮಾರಿ ನನ್ನ ಮುಂದ ಒಂದ್ ದಿನಾನೂ ಕಾಣಲಿಲ್ಲಲ್ರಿ!”

ಈಗ ಮನೆಯಲ್ಲಿ ತಾಟು ಬಂದ ಕೂಡಲೇ ನಾನು ಕಣ್ಣು ಅರ್ಧ ಮುಚ್ಚಿ ಗಲ್ಲ ಉಬ್ಬಿಸುತ್ತೇನೆ. ಅವಳು ಮೊಬೈಲನ್ನು ನನ್ನ ಮುಖದ ಪಕ್ಕಕ್ಕೆ ಹಿಡಿದು ಹೋಲಿಸುತ್ತಾಳೆ. “ಇನ್ನ ಸ್ವಲ್ಪ ಬರಬೇಕು,” ಎನ್ನುತ್ತಾಳೆ. ಅದು ಬರುವವರೆಗೆ ನಾನು ಉಣ್ಣುವಂತಿಲ್ಲ. ಮುಂದೆ ರೊಟ್ಟಿ ಆರುತ್ತಿರುತ್ತದೆ.